ನಾರ್ಮಲ್ ಎಂದ ಮೇಲೂ ಬೀಡುಬಿಟ್ಟಿರುವ ವೈರಾಣುಗಳಿಗೆ

ಕವಲಂದೆ,
ಜೂನ್ ೨೦೦೮

ನನ್ನ ಗರ್ಭಕೋಶದ ಕೊರಳಲ್ಲಿ ಸುಖವಾಗಿ ನೆಲೆಸಿರುವ ಮಾನ್ಯ ಎಚ್‌ಪಿವಿ ವೈರಾಣು ಮಹಾಶಯರೇ,

ತಾವು ಕ್ಷೇಮವೆಂದು ಹೋದ ವರ್ಷದ ತಪಾಸಣಾ ಶಿಬಿರದಲ್ಲಿ ತಿಳಿದು ಸಂತೋಷವಾಯಿತು. ನನ್ನ ಕ್ಷೇಮದ ಬಗ್ಗೆ ಮಾತ್ರ ಮನೆಯಲ್ಲಿ ಎರಡು ಅಭಿಪ್ರಾಯಗಳಿರುವುದರಿಂದ ತಮಗೇ ನೇರವಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ಮೈಸೂರಿನಿಂದ ಬಂದಿದ್ದ ಡಾಕ್ಟರಮ್ಮ ವೈರಾಣು ಪಾಸಿಟಿವ್, ಆದರೆ ಜೀವಕೋಶಗಳು ನಾರ್ಮಲ್ ಎಂದರು. ಹೆಚ್ಚಿನವರಲ್ಲಿ ತಾವು ಒಂದೆರಡು ವರ್ಷದಲ್ಲಿ ತಾವಾಗಿಯೇ ಜಾಗ ಖಾಲಿ ಮಾಡುತ್ತೀರಂತೆ, ಹಟ ಹಿಡಿದು ಕೂತರೆ ಮುಂದೆ ಕ್ಯಾನ್ಸರ್ ಆಗಬಹುದಂತೆ, ಆದ್ದರಿಂದ ವರ್ಷ ಕಳೆದ ಮೇಲೆ ತಪ್ಪದೆ ಮತ್ತೆ ತೋರಿಸಬೇಕಂತೆ. ಇಷ್ಟು ಸರಳವಾದ ಮಾತು ನಮ್ಮ ಹೊಸ್ತಿಲು ದಾಟುವಷ್ಟರಲ್ಲಿ ಎರಡು ಹೋಳಾಯಿತು. ಪಾಸಿಟಿವ್ ಎಂಬುದನ್ನು ಅತ್ತೆ ಮಾದಮ್ಮನವರು ಹಿಡಿದುಕೊಂಡು, ಏಡ್ಸ್ ಎಂದೇ ತಿಳಿದು, ನನ್ನ ತಟ್ಟೆ ಲೋಟ ಬೇರೆ ಇಟ್ಟರು. ನಾರ್ಮಲ್ ಎಂಬುದನ್ನು ಯಜಮಾನರಾದ ಶಿವಮಲ್ಲಪ್ಪನವರು ಹಿಡಿದುಕೊಂಡು, "ನಾರ್ಮಲ್ ಅಂದ್ಮೇಲೆ ಮೈಸೂರ್ಗೆ ಇನ್ಯಾಕೆ ಓಗ್ಬೇಕು?" ಎಂದು ಕೇಸು ಮುಗಿಸಿದರು. ಹೀಗಾಗಿ ನಾನು ಊಟಕ್ಕೆ ಕೂತಾಗ ರೋಗಿ, ಬಸ್ಸಿಗೆ ಹೊರಟಾಗ ಆರೋಗ್ಯವಂತೆ.

ಯಜಮಾನರು ಊರಿನ ಹಾಲಿನ ಡೇರಿಯ ಸೆಕ್ರೆಟರಿ. ನಿನ್ನೆ ಗಟ್ಟಿಹಾಲು ತಂದವರ ಕ್ಯಾನಿಗೂ ಇಂದು ನೀರು ಬೆರೆತಿದೆಯೇ ಎಂದು ಅಳತೆಯ ಕಡ್ಡಿ ಇಳಿಬಿಡದೆ ಒಂದು ಲೋಟ ಹಾಲನ್ನೂ ಸುರಿಸಿಕೊಳ್ಳುವವರಲ್ಲ. ನನ್ನನ್ನೂ ಹಾಗೆಯೇ ಮತ್ತೊಮ್ಮೆ ನೋಡಿಸಿ ಎಂದು ಬೇಡಿಕೊಂಡಾಗ, "ಹಾಲು ಬೇರೆ, ಹೆಂಗ್ಸು ಬೇರೆ ಕಣೇ" ಎಂದು ಅಪ್ಪಣೆಯಾಯಿತು. ಅವರ ಮಂಡಿನೋವಿಗೆ ಮಾತ್ರ ನಾವು ಮೈಸೂರಿನ ಆಸ್ಪತ್ರೆಗಳನ್ನೆಲ್ಲ ಸುತ್ತಿ ಬಂದಿದ್ದೇವೆ.

ತಮ್ಮ ಸಭ್ಯತೆಯನ್ನು ಎಷ್ಟು ಹೊಗಳಿದರೂ ಸಾಲದು. ನೋವಿಲ್ಲ, ಜ್ವರವಿಲ್ಲ, ಬಂದದ್ದೂ ಗೊತ್ತಿಲ್ಲ, ಇರುವುದೂ ಗೊತ್ತಿಲ್ಲ. ನಮ್ಮ ನೆಂಟರಲ್ಲಿ ಇಂಥವರು ಒಬ್ಬರೂ ಇಲ್ಲ. ಆದರೆ ಇದೇ ಸಭ್ಯತೆಯಿಂದ ನನ್ನ ಮಾತನ್ನು ಯಾರೂ ನಂಬದಂತಾಗಿದೆ. ಆದ್ದರಿಂದ ಉಳಿಯುತ್ತೀರೋ ಹೊರಡುತ್ತೀರೋ ಎಂಬುದನ್ನು ತಾವೇ ಖುದ್ದಾಗಿ ಡೇರಿಗೆ ಹೋಗಿ ಯಜಮಾನರಿಗೆ ತಿಳಿಸಬೇಕೆಂದು ಕೋರುತ್ತೇನೆ. ಗಂಡಸರು ಹೇಳಿದರೆ ಮಾತ್ರ ನಂಬುವುದು ಅವರ ಅಭ್ಯಾಸವಾದ್ದರಿಂದ, ಮೀಸೆ ಬಿಟ್ಟುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಅದು ಕಷ್ಟವಾದರೆ, ದಯಮಾಡಿ ಅವರ ಮಂಡಿಗೆ ವರ್ಗ ಮಾಡಿಸಿಕೊಳ್ಳಿ. ಮರುದಿನವೇ ಮೈಸೂರಿಗೆ ಕಾರು ಗೊತ್ತುಮಾಡುತ್ತಾರೆ.

ನನಗೆ ಭಯವಿದೆ, ಅದನ್ನು ತಮ್ಮಿಂದ ಮುಚ್ಚಿಟ್ಟು ಏನಾಗಬೇಕು? ವರ್ಷ ಕಳೆಯಿತು. ಸೋಮವಾರ ನಂಜನಗೂಡಿನ ಬಸ್ಸು ಹತ್ತಿ, ಅಲ್ಲಿಂದ ಮೈಸೂರಿಗೆ ಹೋಗಿ ತೋರಿಸಿಕೊಳ್ಳುತ್ತೇನೆ. ಮನೆಯವರ ಒಪ್ಪಿಗೆ ಸಿಕ್ಕಿಲ್ಲ, ಕೇಳುವುದನ್ನು ನಾನೂ ಬಿಟ್ಟಿದ್ದೇನೆ.

ಕರೆಯದಿದ್ದರೂ ತಮ್ಮನ್ನು ಸಾಕುತ್ತಿರುವ,
ತಮ್ಮ ವಿಶ್ವಾಸಿ,
ಮಲ್ಲಾಜಮ್ಮ

ಮರೆತ ಮಾತು: ನಿನ್ನೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅತ್ತೆಯವರು ಪಕ್ಕಕ್ಕೆ ಬಂದು ಕೂತು, "ಮುಟ್ಟು ನಿಂತು ಅತ್ತೊರ್ಸಾಯ್ತು ಕಣವ್ವ, ಈಗ ಮತ್ತೆ ರಕ್ತ ಕಾಣ್ತಾ ಅದೆ. ಯಾರ್ಗೂ ಏಳ್ಬ್ಯಾಡ" ಎಂದರು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡದೆ ತೋರಿಸಬೇಕೆಂದು ಡಾಕ್ಟರಮ್ಮ ಶಿಬಿರದಲ್ಲೇ ಹೇಳಿದ್ದರು. ಅವರಿಗೆ ಯಾರೂ ಪಾಸಿಟಿವ್ ಎಂದಿಲ್ಲ, ನಾರ್ಮಲ್ ಎಂದೂ ಹೇಳಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಪರೀಕ್ಷಿಸಿಯೇ ಇಲ್ಲ. ಈ ಮನೆಯಲ್ಲಿ ತಾವು ಬಂದದ್ದು ನನ್ನೊಬ್ಬಳ ಬಳಿಗೇ ಎಂದು ಬೀಗುತ್ತಿದ್ದೆ, ಕ್ಷಮಿಸಿ. ಸೋಮವಾರ ಎರಡು ಟಿಕೆಟ್ ತೆಗೆಯುತ್ತೇನೆ.