ಓಪಲಮ್ಮನ ಇಕ್ಕಳ

ಎಲ್ಡನ್ ಸ್ಟೋಕನ ಗ್ರಹಚಾರ ಕೆಟ್ಟದ್ದು ಭಾನುವಾರ ಬೆಳಿಗ್ಗೆ ಏಳೂವರೆಗೆ, ಅವನ ಕಾಫಿ ಲೋಟದೊಳಗೆ ಟಣ್ ಎಂದು ಬಿದ್ದ ಒಂದು ಕೇಪಿನಿಂದ. ಖಾಲಿ ತೋಟಾದ ಬುಡದ ಕುಳಿಗೆ ಮದ್ದಿಗೆ ಕಿಡಿ ಕೊಡುವ ಆ ಹೊಸ ಕೇಪನ್ನು ಅವನು ಆಗಷ್ಟೇ ಒತ್ತಿ ಕೂರಿಸಿದ್ದ. ಅದು ಹಳೇ ಚಪ್ಪಲಿಗೆ ಕಾಲು ತೂರಿದಷ್ಟು ಸಲೀಸಾಗಿ ಒಳಗೆ ಹೋಗಿತ್ತು. ನೋಡೋಣವೆಂದು ತೋಟಾ ತಿರುಗಿಸಿದರೆ ಅಷ್ಟೇ ಸಲೀಸಾಗಿ ಹೊರಗೂ ಬಂತು.

ಎಲ್ಡನ್ ನಮ್ಮ ಟ್ವಿನ್ ಫೋರ್ಕ್ ಊರಿನ ಅಂಚೆಯವನು. ಅಪ್ಪನಿಂದ ಬಂದ ರೈಫಲ್ ಒಂದಿದೆ. ಅದರ ಅಳತೆಯ ತೋಟಾ ಮೊಂಟಾನಾ ರಾಜ್ಯದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಊರಲ್ಲಿ ಬೇರೆ ಯಾರ ಹತ್ತಿರವೂ ಅಂಥ ಕೋವಿ ಇಲ್ಲ. ಅಪ್ಪ ಬಿಟ್ಟುಹೋದ ಐವತ್ತು ಹಿತ್ತಾಳೆ ತೋಟಾಗಳನ್ನೇ ಹಾರಿಸುವುದು, ಹೆಕ್ಕುವುದು, ಮತ್ತೆ ಕೇಪು, ಮದ್ದು, ಗುಂಡು ತುಂಬುವುದು. ಒಂದೊಂದು ಏಟಿಗೂ ಹಿತ್ತಾಳೆ ಕೂದಲೆಳೆಯಷ್ಟು ಹಿಗ್ಗುತ್ತದೆ, ಕುಳಿ ಸಡಿಲವಾಗುತ್ತದೆ. ಹದಿನೈದು ವರ್ಷ ಅದೇ ತೋಟಾಗಳನ್ನು ದುಡಿಸಿದವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಾಗುವುದು ಬೇಡವಾಗಿತ್ತು.

ಆದರೆ ಅವತ್ತೇ ಆಗಬೇಕೆ? ಹನ್ನೊಂದು ಗಂಟೆಗೆ ಊರಿನ ಕೋವಿ ಕ್ಲಬ್ಬಿನ ವರ್ಷದ ಗುರಿ ಪಂದ್ಯ. ಮೊದಲ ಬಹುಮಾನ ಹೊಗೆಯಲ್ಲಿ ಹದ ಮಾಡಿದ ಒಂದು ಇಡೀ ಹಂದಿತೊಡೆ. ಹನ್ನೊಂದು ವರ್ಷದಿಂದ ಅದನ್ನು ಕ್ಲಬ್ಬಿನ ಹಿರಿಯರಾದ ಓಪಲಮ್ಮನೇ ಮನೆಗೆ ಒಯ್ಯುತ್ತಿದ್ದರು, ಆರು ವರ್ಷದಿಂದ ಎಲ್ಡನ್ ಎರಡನೆಯವನು. ಈ ಸಲ ಓಪಲಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ಬರೀ ತೀರ್ಪುಗಾರರಾಗಿ ಕೂತಿದ್ದರು. ಅದನ್ನು ಕೇಳಿದ ದಿನವೇ ಎಲ್ಡನ್‌ನ ಹೆಂಡತಿ ವಾಂಡಾ ತನ್ನ ಅಕ್ಕ-ಭಾವನನ್ನು ಭಾನುವಾರದ ಊಟಕ್ಕೆ ಕರೆದುಬಿಟ್ಟಿದ್ದಳು.

"ಹಂದಿತೊಡೆ ಇದೆ ಅಂತ ಹೇಳಿದೀನಿ. ಆಲೂಗೆಡ್ಡೆ ಬಿಟ್ರೆ ಮನೇಲಿ ಇನ್ನೇನೂ ಇಲ್ಲ. ನೀನು ತರ್ತೀಯ, ಅಷ್ಟೇ," ಎಂದಳು.

ಎಲ್ಡನ್ ಐವತ್ತನ್ನೂ ಒಂದೊಂದಾಗಿ ಪರೀಕ್ಷಿಸಿದ. ಕೇಪನ್ನು ಗಟ್ಟಿಯಾಗಿ ಹಿಡಿದುಕೊಂಡವು ಹನ್ನೆರಡು. ಪಂದ್ಯಕ್ಕೆ ಹತ್ತು ಗುಂಡು ಸಾಕು, ಆದರೂ ಅವನ ಜೀವ ಹೊಡೆದುಕೊಂಡಿತು. ಅಷ್ಟರಲ್ಲಿ ಪಕ್ಕದ ಮನೆಯ ಹಾರ್ವೆ ಬೇಲಿ ದಾಟಿ ಬಂದ. ಹಾರ್ವೆಯೂ ಪಂದ್ಯಕ್ಕೆ ಹೊರಟವನೇ. ಲೋಕದ ಯಾವ ರಿಪೇರಿಗೂ ಅವನ ಹತ್ತಿರ ಒಂದು ಉಪಾಯ ಇರುತ್ತದೆ, ಅವನ ಮನೆಯ ಗೇಟು ಮಾತ್ರ ನಾಲ್ಕು ವರ್ಷದಿಂದ ನೇತಾಡುತ್ತಿದೆ. ಕುಳಿಯ ಅಂಚಿಗೆ ಉಕ್ಕಿನ ಗೋಲಿ ಇಟ್ಟು ಒಂದು ಏಟು ಕೊಟ್ಟರೆ ಬಿಗಿಯಾಗುತ್ತದೆಂದು ಹೇಳಿ, ಎಲ್ಡನ್ ಬೇಡವೆನ್ನುವಷ್ಟರಲ್ಲಿ ಸುತ್ತಿಗೆ ಎತ್ತಿ ಸಡಿಲವಾದ ಒಂದನ್ನು ಬಾಳೆಹಣ್ಣಿನ ಹಾಗೆ ಬಗ್ಗಿಸಿಬಿಟ್ಟ. ಆಮೇಲೆ ಇನ್ನೊಂದರ ಕುಳಿಗೆ ವಾಂಡಾಳ ಗುಲಾಬಿ ಬಣ್ಣದ ಉಗುರುಬಣ್ಣ ಸವರಿದ. ಕೇಪು ನಿಂತಿತು, ಊದಿದರೆ ಬಿತ್ತು. ಉಗುರುಬಣ್ಣದ ಶೀಶೆ ಖಾಲಿಯಾದದ್ದಕ್ಕೆ ವಾಂಡಾ ಅಂದದ್ದನ್ನು ಇಲ್ಲಿ ಬರೆಯುವುದು ಬೇಡ.

ಕೊನೆಗೆ ಎಲ್ಡನ್ ಹನ್ನೆರಡು ಒಳ್ಳೆಯವನ್ನು ಒಂದು ಡಬ್ಬಿಗೆ ಹಾಕಿಕೊಂಡ. ಬಗ್ಗಿದ್ದನ್ನು ಹಿತ್ತಲಿಗೆ ಎಸೆದು, ಉಳಿದ ಮೂವತ್ತೇಳನ್ನು ಚೀಲಕ್ಕೆ ಸುರಿದುಕೊಂಡು ಕ್ಲಬ್ಬಿಗೆ ಹೊರಟ.

ನಮ್ಮ ಕ್ಲಬ್ಬಿನ ಬಾಗಿಲಲ್ಲಿ ಒಂದು ಗುಜರಿ ಡಬ್ಬ, ಅದರ ಮೇಲೆ ಸರಪಳಿಯಲ್ಲಿ ತೂಗುವ ಒಂದು ಇಕ್ಕಳ. ಕುಳಿ ಸಡಿಲವಾದ ತೋಟಾವನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಯೇ ಡಬ್ಬಕ್ಕೆ ಹಾಕಬೇಕು, ಇನ್ಯಾರೂ ತಿಳಿಯದೆ ತುಂಬಿಕೊಳ್ಳಬಾರದು. ಇದು ಓಪಲಮ್ಮ ಮಾಡಿದ ಕಟ್ಟಳೆ. ಇಂಥದ್ದೊಂದು ತೋಟಾದಿಂದ ಹಿಂದಕ್ಕೆ ಚಿಮ್ಮಿದ ಬಿಸಿ ಗಾಳಿಗೆ ಅವರ ಗಂಡನ ಎಡಗಣ್ಣು ಹೋಗಿತ್ತು. ಆ ಇಕ್ಕಳವೂ ಅವರ ಗಂಡನದೇ. ಹಾಗಾಗಿ ನಮ್ಮಲ್ಲಿ ಚಪ್ಪಟೆಯಾದದ್ದು ಕೆಟ್ಟದ್ದು, ದುಂಡಗಿರುವುದು ಒಳ್ಳೆಯದು. ಯಾರೂ ಎರಡನೇ ಸಲ ಕೇಳುವುದಿಲ್ಲ.

ಎಲ್ಡನ್ ಮೊದಲ ತೋಟಾವನ್ನು ಇಕ್ಕಳದ ಬಾಯಿಗೆ ಕೊಟ್ಟ. ಕೈ ಬರಲಿಲ್ಲ. ಅಪ್ಪ ಮುಟ್ಟಿದ ಹಿತ್ತಾಳೆ. ಜೊತೆಗೆ ಮೂವತ್ತೇಳು ಸಲ ಕಟಕ್ ಕಟಕ್ ಅಂದರೆ ಒಳಗೆ ಕೂತವರೆಲ್ಲ ಎಣಿಸುತ್ತಾರೆ, ವರ್ಷವಿಡೀ ಅದೇ ತಮಾಷೆಯಾಗುತ್ತದೆ. ಅವನು ಅತ್ತಿತ್ತ ನೋಡಿ, ಡಬ್ಬದೊಳಗಿನ ಚಪ್ಪಟೆಗಳನ್ನು ಸರಿಸಿ, ಎಲ್ಲವನ್ನೂ ದುಂಡಗೆ ಇದ್ದ ಹಾಗೇ ಅಡಿಯಲ್ಲಿ ಹುಗಿದು ಒಳಗೆ ಹೋದ. ಹೇಗೂ ಗುಜರಿಗೆ ಹೋಗುವುದು ತಾನೆ ಎಂದುಕೊಂಡ.

ಒಳಗೆ ಓಪಲಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಅವರಿಗೆ ಎಪ್ಪತ್ತೊಂಬತ್ತು. ಪಂದ್ಯಕ್ಕೆ ಬಂದವರ ತೋಟಾಗಳನ್ನು, ಮದ್ದು ತುಂಬುವ ಮೊದಲು, ಅವರೇ ಮುಟ್ಟಿ ನೋಡುತ್ತಿದ್ದರು. ಆ ಕೆಲಸವನ್ನು ನೋಡಲೆಂದೇ ನಾನು ಎಷ್ಟೋ ಸಲ ಬೇಗ ಹೋಗಿದ್ದೇನೆ. ತೋಟಾವನ್ನು ಅಂಗೈಯಲ್ಲಿ ನಿಲ್ಲಿಸಿ, ಕೇಪಿನ ಮೇಲೆ ಹೆಬ್ಬೆರಳಿಟ್ಟು, ಮಗುವಿನ ಜ್ವರ ನೋಡುವ ಹಾಗೆ ಒಂದು ಕ್ಷಣ ಸುಮ್ಮನಿರುತ್ತಾರೆ. ನಾವು ಅಳತೆಯ ಸಲಾಕೆ ಹಾಕಿ ಅರ್ಧ ಗಂಟೆ ಜಗಳವಾಡುವುದನ್ನು ಆ ಬೆರಳು ಸುಮ್ಮನೆ ಹೇಳಿಬಿಡುತ್ತದೆ. ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿಲ್ಲ.

ಎಲ್ಡನ್‌ನ ಹನ್ನೆರಡರಲ್ಲಿ ಎರಡನ್ನು ಅವರು ಬದಿಗಿಟ್ಟರು. "ಇವೆರಡು ಮುಗೀತು ಕಣಯ್ಯ."

"ಬಿಗಿಯಾಗೇ ಕೂತಿತ್ತಲ್ಲ ಓಪಲಮ್ಮ?"

"ನಿನಗೆ ಹಂಗನ್ನಿಸ್ತು. ಅಪ್ಪನ ತೋಟಾ ಅಂತ ಕಣ್ಣು ತಪ್ಪು ಹೇಳುತ್ತೆ. ಬೆರಳಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ." ಅವರು ತೋಟಾವನ್ನು ಮೇಜಿಗೆ ಕುಟ್ಟಿದರು, ಕೇಪು ಉದುರಿತು. ಇನ್ನೊಂದರದೂ ಉದುರಿತು. ಎದ್ದು ಹೋಗಿ ಎರಡನ್ನೂ ತಾವೇ ಇಕ್ಕಳದಲ್ಲಿ ಅಮುಕಿ ಬಂದರು.

ಉಳಿದದ್ದು ಸರಿಯಾಗಿ ಹತ್ತು. ಗುರಿ ಹದ ಮಾಡಿಕೊಳ್ಳಲು ಎಲ್ಲರೂ ಹಾರಿಸುವ ಎರಡು ಗುಂಡು ಎಲ್ಡನ್‌ಗೆ ಇರಲಿಲ್ಲ. ನಿಜ ಹೇಳಬೇಕೆಂದರೆ ಅದೇ ಅವನನ್ನು ಕಾಪಾಡಿತು. ಒಂದೂ ಹಾಳು ಮಾಡುವಂತಿಲ್ಲ ಎಂದಮೇಲೆ ಅವನು ಗಾಳಿ ನೋಡಿದ, ಹುಲ್ಲಿನ ಬಾಗು ನೋಡಿದ, ಉಸಿರು ಕಟ್ಟಿ ಕಾದ. ಹಾರ್ವೆ ಹತ್ತು ಹಾರಿಸಿ ಸ್ಯಾಂಡ್‌ವಿಚ್ ಮುಗಿಸಿದಾಗ ಎಲ್ಡನ್ ಇನ್ನೂ ನಾಲ್ಕನೆಯದರಲ್ಲಿದ್ದ. ಅಂಥ ಗುರಿಯನ್ನು ನಾನು ಓಪಲಮ್ಮನ ಕೈಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಅವನಿಗೆ ಹಾರ್ವೆಗಿಂತ ಒಂದೇ ಒಂದು ಅಂಕ ಹೆಚ್ಚು ಬಂತು. ಓಪಲಮ್ಮ ಗುರಿಯ ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಎದ್ದು ನಿಂತು, ಅವನ ಕೈ ಕುಲುಕಿದರು. ಎಲ್ಡನ್‌ನ ಕಣ್ಣು ತುಂಬಿತು. ಅವನು ವಾಂಡಾಗೆ ಫೋನ್ ಮಾಡಿ ಒಲೆ ಹಚ್ಚಲು ಹೇಳಿದ.

ಮೂರು ಗಂಟೆಗೆ ಬಹುಮಾನ. ಕಾರ್ಯದರ್ಶಿ ಡ್ವೈಟ್ ಭಾಷಣಕ್ಕೆ ನಿಂತ. ಡ್ವೈಟ್ ಒಳ್ಳೆಯ ಮನುಷ್ಯ, ಆದರೆ ಯಾರೂ ಕೇಳದ ಉಪಕಾರ ಮಾಡದೆ ಅವನಿಗೆ ಊಟ ಸೇರುವುದಿಲ್ಲ. ಹಂದಿತೊಡೆ ಇವತ್ತು ತಿಂದರೆ ನಾಳೆ ಇಲ್ಲ, ನಮ್ಮ ಎಲ್ಡನ್‌ಗೆ ಬಾಳಿಕೆ ಬರುವಂಥದ್ದು ಕೊಡಬೇಕು ಎಂದ. ಆದ್ದರಿಂದ ಹಂದಿತೊಡೆಯನ್ನು ಎರಡನೆಯವನಾದ ಹಾರ್ವೆಗೆ ಕೊಟ್ಟಾಗಿದೆ ಎಂದ.

"ಬೆಳಿಗ್ಗೆ ಗುಜರಿ ಡಬ್ಬ ಹಗುರ ಮಾಡೋಣ ಅಂತ ಕೈ ಹಾಕಿದೆ. ಅಡಿಯಲ್ಲಿ ಎಲ್ಲಾ ದುಂಡಗಿದಾವೆ. ಯಾರೋ ಒಳ್ಳೇದನ್ನೇ ತಪ್ಪಿ ಗುಜರಿಗೆ ಹಾಕ್ಬಿಟ್ಟಿದಾರೆ. ಯಾರ ಮನೆಯ ಹಳೇ ಪೆಟ್ಟಿಗೆಯದೋ ಏನೋ. ಅಳತೆ ನೋಡ್ತೀನಿ, ನಮ್ಮ ಎಲ್ಡನ್ ಕೋವೀದೇ!" ಎಂದು ಡ್ವೈಟ್ ಒಂದು ಮರದ ಪೆಟ್ಟಿಗೆಯ ಮುಚ್ಚಳ ತೆಗೆದ. ಎರಡು ಗಂಟೆ ಯಂತ್ರದಲ್ಲಿ ಉಜ್ಜಿಸಿದ ಮೂವತ್ತೇಳು ತೋಟಾಗಳು ಮದುವೆ ಮನೆಯ ಪಾತ್ರೆಗಳಂತೆ ಹೊಳೆಯುತ್ತಿದ್ದವು. ಜನ ಚಪ್ಪಾಳೆ ತಟ್ಟಿದರು. ಒಂದರ ಕುಳಿಯೊಳಗೆ ಇನ್ನೂ ಗುಲಾಬಿ ಬಣ್ಣದ ಗೆರೆಯೊಂದು ಉಳಿದಿತ್ತು.

ಎಲ್ಡನ್ ಏನು ಹೇಳುತ್ತಾನೆ? ನನ್ನವೇ ಎಂದರೆ ಕಟ್ಟಳೆ ಮುರಿದದ್ದನ್ನು ಓಪಲಮ್ಮನ ಎದುರಿಗೇ ಒಪ್ಪಿಕೊಳ್ಳಬೇಕು. ಅವನು ಪೆಟ್ಟಿಗೆ ತಬ್ಬಿಕೊಂಡು, ಡ್ವೈಟ್ ನೀನು ದೊಡ್ಡ ಮನುಷ್ಯ ಎಂದ. ಹಾರ್ವೆ ಹಂದಿತೊಡೆಯನ್ನು ಹೆಗಲ ಮೇಲೆ ಹೊತ್ತುಕೊಂಡು, ತೋಟಾ ಏನಾದರೂ ಸಡಿಲವಿದ್ದರೆ ತನ್ನನ್ನು ಕರೆಯಬೇಕೆಂದು ಹೇಳಿ ಹೋದ.

ಎಲ್ಲರೂ ಚದುರಿದ ಮೇಲೆ ಓಪಲಮ್ಮ ಹತ್ತಿರ ಬಂದರು. ಪೆಟ್ಟಿಗೆಯಿಂದ ಒಂದನ್ನು ಎತ್ತಿ, ಕುಳಿಯ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಕನ್ನಡಕ ತೆಗೆದು ಅವನನ್ನೇ ನೋಡಿದರು. ಅವರು ಬೈದಿದ್ದರೆ ಎಲ್ಡನ್‌ಗೆ ಎಷ್ಟೋ ಹಗುರವಾಗುತ್ತಿತ್ತು.

"ಇದು ಬೇರೆ ಊರಿನ ಯಾರ ಕೈಗಾದ್ರೂ ಹೋಗಿದ್ರೆ?" ಎಂದಷ್ಟೇ ಕೇಳಿದರು.

ಓಪಲಮ್ಮ ಇಕ್ಕಳವನ್ನು ಸರಪಳಿಯಿಂದ ಬಿಡಿಸಿ ಅವನ ಕೈಗಿಟ್ಟು, ಎದುರಿಗೆ ಕುರ್ಚಿ ಎಳೆದು ಕೂತರು.

ಎಲ್ಡನ್ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಅಮುಕತೊಡಗಿದ. ಇಪ್ಪತ್ತೊಂದನೆಯದರ ಹೊತ್ತಿಗೆ ವಾಂಡಾಳ ಕಾರು ಬಂದು ನಿಂತಿತು, ಹಿಂದಿನ ಸೀಟಿನಲ್ಲಿ ಅಕ್ಕ-ಭಾವ ಕೂತಿದ್ದರು. ವಾಂಡಾ ಕಿಟಕಿ ಇಳಿಸಿದಳು.

"ಗೆದ್ದೆ ಅಂತ ಫೋನ್ ಮಾಡಿ ಎಷ್ಟು ಹೊತ್ತಾಯ್ತು! ಒಲೆ ಕಾದು ಕೂತಿದೆ. ಹಂದಿತೊಡೆ ಎಲ್ಲಿ?"

ಎಲ್ಡನ್ ಪೆಟ್ಟಿಗೆಯನ್ನು ಅವಳ ಕಡೆ ವಾಲಿಸಿ ತೋರಿಸಿದ.

"ಅರ್ಧ ಆಗಿದೆ," ಎಂದರು ಓಪಲಮ್ಮ. "ಇನ್ನು ಹದಿನಾರು ಬಾಕಿ."