ಇಡಿಯಾಗಿ ಹೊರಬಂದ ಗುಳಿಗೆ

ಯಾವುದನ್ನೂ ತಿರುಗಿಸಿ ನೋಡದೆ ನಂಬಲಾರದ ಸ್ವಭಾವ ನನ್ನದು. ಮಹಾರಾಷ್ಟ್ರದ ಸಂಭಾಜಿನಗರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಬೋಲ್ಟುಗಳ ಗುಣಮಟ್ಟ ನೋಡುತ್ತಿರುವುದರ ಫಲ ಇದು ಎಂದು ನಾನು ಹೇಳುತ್ತೇನೆ. ಬೀದರಿನಿಂದ ನನ್ನ ಜೊತೆ ಬಂದ ಹೆಂಡತಿ ಶಾಂತಾ ಮಾತ್ರ, "ಅದು ನಿಮಗ ಹುಟ್ಟಿನಿಂದ್ಲೇ ಅದ" ಎನ್ನುತ್ತಾಳೆ.

ಇಂಥ ನನಗೆ ಸಕ್ಕರೆ ಕಾಯಿಲೆ ಬಂತು. ದಿನಕ್ಕೊಂದು ಮೆಟ್‌ಫಾರ್ಮಿನ್ ಗುಳಿಗೆ, ಬೆಳಗಿನ ನಾಷ್ಟಾದ ಜೊತೆ. ಹುಣಸೆ ಬೀಜಕ್ಕಿಂತ ದಪ್ಪ. ಇಷ್ಟು ದೊಡ್ಡದು ಒಳಗೆ ಹೋಗಿ ಏನು ಮಾಡುತ್ತದೋ ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ, ಮರ್ಯಾದಸ್ಥರು ಬಗ್ಗಿ ನೋಡಬಾರದ ಜಾಗದಲ್ಲಿ, ಅದು ಬೆಳ್ಳಗೆ ಇಡಿಯಾಗಿ ಬಿದ್ದಿತ್ತು!

"ಶಾಂತಾ, ಗುಳಿಗಿ ಹಂಗೇ ಹೊರಗ ಬಂದದ!"

"ಅಲ್ಲಿ ಏನ್ ನೋಡ್ಲಾಕ್ ಹೋಗಿದ್ರಿ?" ಎಂದಳು ಅಡುಗೆಮನೆಯಿಂದ.

ಔಷಧವೇ ಇಳಿಯದಿದ್ದರೆ ನನ್ನ ಗತಿಯೇನು? ಹೆದರಿಕೆಯಾಯಿತು. ಡಾಕ್ಟರನ್ನು ಕೇಳುವುದು ಬಿಟ್ಟು, ಮರುದಿನದಿಂದ ಗುಳಿಗೆಯನ್ನು ಲಟ್ಟಣಿಗೆಯಿಂದ ಪುಡಿಮಾಡಿ ಮೊಸರಿನಲ್ಲಿ ಕಲಸಿ ನುಂಗತೊಡಗಿದೆ. ಮೂರನೆಯ ದಿನ ನಾಸಿಕ್‌ನಲ್ಲಿ ನಾದಿನಿಯ ಮನೆ ಗೃಹಪ್ರವೇಶ. ನಾಷ್ಟಾದ ಜೊತೆ ಪುಡಿ ನುಂಗಿ ಬಸ್ಸು ಹತ್ತಿದೆ. ದಾರಿಯಲ್ಲಿ ಬಸ್ಸು ನಿಲ್ಲುವ ವೈಜಾಪುರ ಇನ್ನೂ ದೂರವಿರುವಾಗಲೇ ಹೊಟ್ಟೆಯಲ್ಲಿ ಗುಡುಗು ಶುರುವಾಯಿತು. ಅಲ್ಲಿನ ನಿಲ್ದಾಣದಲ್ಲಿ ನಾನು ಓಡಿದ ಓಟವನ್ನು ಮದುವೆಯಾದಾಗಿನಿಂದ ಶಾಂತಾ ನೋಡಿರಲಿಲ್ಲ. ಬಸ್ಸು ಹೊರಟುಬಿಡದಂತೆ ಅವಳು ಕಂಡಕ್ಟರನಿಗೆ ನಡೆದದ್ದೆಲ್ಲವನ್ನೂ ಮರಾಠಿಯಲ್ಲಿ, ಗಟ್ಟಿಯಾಗಿ ವಿವರಿಸಿದ್ದಳು. ನಾನು ಮರಳಿ ಹತ್ತುವಾಗ ಮುಂದಿನ ಸೀಟಿನ ಅಜ್ಜಿಯೊಬ್ಬರು ಪಕ್ಕದವಳಿಗೆ ನನ್ನನ್ನು ತೋರಿಸಿ, "ಗುಳಿಗೆ ಕುಟ್ಟಿದವರು ಇವರೇ" ಎಂದು ಮರಾಠಿಯಲ್ಲೇ ಪರಿಚಯಿಸಿದರು.

ಊರಿಗೆ ಮರಳಿ ಡಾಕ್ಟರ ಬಳಿ ಹೋದೆ. ಅವರು ಸಾಕಷ್ಟು ನಕ್ಕರು. "ಕಾಕಾ, ಇದು ನಿಧಾನವಾಗಿ ಔಷಧ ಬಿಡುವ ಗುಳಿಗೆ. ಔಷಧ ಮೈಗೆ ಸೇರುತ್ತದೆ, ಕೆಲವೊಮ್ಮೆ ಖಾಲಿ ಕವಚ ಹೊರಗೆ ಬರುತ್ತದೆ. ಕುಟ್ಟಿದರೆ ಇಡೀ ದಿನದ್ದು ಒಮ್ಮೆಲೇ ಹೊಟ್ಟೆಗೆ ಬೀಳುತ್ತದೆ."

"ಖಾಲಿ ಅಂತ ಹೇಗೆ ನಂಬೋದು?"

"ರಕ್ತ ಹೇಳುತ್ತದೆ" ಎಂದರು. ಮತ್ತೆ ಇಡಿಯಾಗಿ ನುಂಗತೊಡಗಿದೆ. ಮೂರು ತಿಂಗಳಿಗೆ ಸಕ್ಕರೆ ಇಳಿದಿತ್ತು. ರಕ್ತ ಹೇಳಿದ್ದನ್ನು ನಂಬಿದೆ.

ಮೊನ್ನೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಗ್ರಾಣದ ಪಾಟೀಲರು ಪಕ್ಕಕ್ಕೆ ಕರೆದರು. ಕಲಬುರಗಿಯವರು, ಗಂಭೀರ ಮನುಷ್ಯ. "ನನಗೂ ಅದೇ ಗುಳಿಗಿ ಕೊಟ್ಟಾರ್ರೀ. ಆದ್ರ ಮುಂಜಾನಿ..." ಎಂದು ತಡವರಿಸಿದರು. ನಾನು ಖಾಲಿ ಕವಚದ ವಿಷಯವನ್ನು ತಜ್ಞನ ಗತ್ತಿನಲ್ಲಿ ತಿಳಿಸಿದೆ. ಅವರು ನನ್ನ ಎರಡೂ ಕೈ ಹಿಡಿದು, "ಅಂದ್ರ ನೀವೂ ಬಗ್ಗಿ ನೋಡೀರಿ!" ಎಂದರು.

"ಛೇ, ಎಲ್ಲೋ ಓದಿದ್ದು" ಎಂದುಬಿಟ್ಟೆ.