ಕ್ಯಾನ್ಸರ್ ಲ್ಯಾಬಿನಲ್ಲಿ ನಾನಿಟ್ಟ ಹೆಪ್ಪು

ಮಕ್ಕಳೇ, ಹಾಲಿಗೆ ಹೆಪ್ಪು ಹಾಕುವುದರಲ್ಲಿ ಮಾನ್ವಿ ತಾಲ್ಲೂಕಿನಲ್ಲೇ ನನ್ನನ್ನು ಮೀರಿಸುವವರಿಲ್ಲ. ಈ ಹೆಮ್ಮೆಯೇ ನನ್ನ ಮಾನ ಕಳೆಯಿತು!

ಚಳಿಗಾಲದ ಏಕಾದಶಿ. ನಿಮ್ಮ ಸುಧಕ್ಕ ನನ್ನನ್ನು ಮಲ್ಲಟದಿಂದ ರಾಯಚೂರಿಗೆ ಕರೆತಂದು, ಮನೆಗೆ ಹೋಗುವ ಮೊದಲು ತನ್ನ ಲ್ಯಾಬ್ ತೋರಿಸಿದಳು. ಕೈ ತೊಳಿ, ಗೌನು ತೊಡು, ಏನನ್ನೂ ಮುಟ್ಟಬೇಡ ಎಂದು ಅವಳ ಕಟ್ಟಪ್ಪಣೆ!

"ಅಯ್ಯ, ಇದು ನಮ್ಮ ಮಡಿನೇ ಅಲ್ಲೇನವ್ವ!" ಎಂದೆ. ತವರಿಗೆ ಬಂದಷ್ಟು ಧೈರ್ಯ ಬಂತು.

ಸುಧಾ ಒಂದು ಪೆಟ್ಟಿಗೆಯ ಬಾಗಿಲು ತೆರೆದಳು. ಒಳಗೆ ಗಾಜಿನ ತಟ್ಟೆಗಳು.

"ಇದರಾಗ ಜೀವಕೋಶ ಬೆಳಸಾಕತ್ತೀನಿ ಅಜ್ಜಿ. ಹೆಂಗಸರ ಗರ್ಭಕೊರಳಿಗೆ ಕ್ಯಾನ್ಸರ್ ತರೋ ವೈರಸ್ ಒಳಗ ಹೊಕ್ಕು ಹೆಂಗ ಕೆಡಸ್ತದ ಅಂತ ನೋಡೋದು. ಬರೋ ವಾರ ನಮ್ಮ ಗೈಡ್ ಸರ್ ಮುಂದ ತೋರಿಸಬೇಕು. ಇವು ಕೆಟ್ರ ನನ್ನ ಕಥಿ ಮುಗೀತು!"

ನಾನು ಕಥೆ ಕೇಳಲಿಲ್ಲ, ಪೆಟ್ಟಿಗೆಯ ಬಿಸುಪು ನೋಡಿದೆ. ಆಹಾ, ಮೈಶಾಖದಷ್ಟೇ! ಮರುದಿನ ದ್ವಾದಶಿ, ಉಪವಾಸ ಬಿಡುವ ಪಾರಣೆಗೆ ನಾನೇ ಹೆಪ್ಪು ಹಾಕಿದ ಮೊಸರಾಗಬೇಕು. ಚಳಿಗೆ ಹಾಲು ಹೆಪ್ಪಾಗದು. ಹೆಪ್ಪು ಹಾಕಿದ ಹಾಲಿನ ಗಿಂಡಿ ಚೀಲದಲ್ಲೇ ಇತ್ತು. ಕೇಳೋಣವೆಂದರೆ ನಾಚಿಕೆ. ಸುಧಾ ಫೋನು ಹಿಡಿದು ಹೊರಗೆ ಹೋದಳು. ಗಿಂಡಿ ಒಳಗೆ ಹೋಯಿತು! ಮೈಲಿಗೆಯಾಗದಿರಲೆಂದು ತಟ್ಟೆಗಳಿಗಿಂತ ಮೇಲಿನ ಖಾನೆಯಲ್ಲಿಟ್ಟೆ.

"ನಡಿ ಅಜ್ಜಿ, ಹೊತ್ತಾತು!" ಬಂದವಳೇ ಎಳೆದುಕೊಂಡು ಹೊರಟಳು. ಗಿಂಡಿಯ ಮಾತು ಬಾಯೊಳಗೇ ಉಳಿಯಿತು.

ಮರುದಿನ ಬೆಳಿಗ್ಗೆ ಲ್ಯಾಬಿನಿಂದ ಅವಳ ಫೋನು.

"ಅಜ್ಜೀ! ಈ ಗಿಂಡಿ ನಿಂದೇನು?"

ಗಿಂಡಿ ವಾಲಿತ್ತಂತೆ, ಮುಚ್ಚಳವೂ ಸಡಿಲವಿತ್ತಂತೆ. ಹಾಲು ಸೋರಿ ತಟ್ಟೆಗಳಿಗೆಲ್ಲ ಅಭಿಷೇಕ!

"ಮೊಸರು ಕೂತದೇನವ್ವ?" ಬಾಯಿ ಜಾರಿತು.

"ಗಟ್ಟಿ ಗಡ್ಡಿ ಆಗ್ಯದ! ನನ್ನ ಜೀವಕೋಶ ಹಾಳಾಗ್ಯಾವ!"

ಒಳಗೆ ಹೊಕ್ಕು ಕೆಡಿಸುವುದು ಹೇಗೆಂದು ವೈರಸ್ಸಿಗೇ ನಾನು ಪಾಠ ಹೇಳಿದ್ದೆ! ಮೊಸರನ್ನು ಗಿಂಡಿಯ ಸಮೇತ ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ ಎಸೆದರಂತೆ. ನನ್ನ ಪಾರಣೆ ನೀರಿನಲ್ಲೇ ಮುಗಿಯಿತು.

ಸಂಜೆ ಸುಧಾ ಬಂದಾಗ ನಾನು ಮೂಲೆಯಲ್ಲಿ ಅಳುತ್ತಿದ್ದೆ.

"ಸಾಕು ಅಳೋದು. ನೀ ನಾಳಿಗಂತ ಹೆಪ್ಪು ಎತ್ತಿಡ್ತಿಯಲ್ಲ, ಹಂಗ ನಾನೂ ಸ್ವಲ್ಪ ಜೀವಕೋಶ ಹೆಪ್ಪುಗಟ್ಟಿಸಿ ಫ್ರೀಜರಿನಾಗ ಎತ್ತಿಟ್ಟೀನಿ. ಬೆಳಸಿ, ಮುಂದಿನ ತಿಂಗಳ ತೋರ್ಸು ಅಂದಾರ ಸರ್."

ಅಬ್ಬಾ! ಮೊಮ್ಮಗಳು ನನ್ನ ಮೊಮ್ಮಗಳೇ ಎಂದು ಎದೆಯುಬ್ಬಿಸಿ ಅಪ್ಪಿಕೊಂಡೆ.

ಈಗ ನೋಡಿ. ಅವಳ ಜೊತೆ ಹೋದಾಗಲೆಲ್ಲ ಲ್ಯಾಬಿನ ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಾಳೆ: "ದೂರ ನಿಲ್ಲು ಅಜ್ಜಿ, ನಾ ಮಡಿಯಾಗ ಇದ್ದೀನಿ!"

ಇದೇ ಮಾತು ಹೇಳಿ ನಿಮ್ಮನ್ನೆಲ್ಲ ಅಡುಗೆಮನೆಯಿಂದ ಓಡಿಸಿದ ನಾನು, ಹೊರಗೆ ಕೂತು ಅವಳ ಚಪ್ಪಲಿ ಕಾಯುತ್ತೇನೆ!